ಗೋಡೆಯ ಮೇಲಿನ ಹಳದಿ ಬಾಣ

ನಾನು ಏನು ಕೆಲಸ ಮಾಡುತ್ತಿದ್ದೆ ಎಂಬುದು ನನ್ನ ಹೆಂಡತಿಗೆ ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ. ಯಾರಾದರೂ ಕೇಳಿದರೆ 'ರೈಲ್ವೇಲಿದ್ರು' ಎಂದುಬಿಡುತ್ತಾಳೆ. ಅದನ್ನು ನಂಬಿದ ವಿಲ್ಸನ್ ಗಾರ್ಡನ್‌ನ ನಮ್ಮ ಬೀದಿಯವರು ಹಬ್ಬದ ಸಮಯಕ್ಕೆ ಟಿಕೆಟ್ ಮಾಡಿಸಿಕೊಡಿ ಎಂದು ಬಾಗಿಲಿಗೆ ಬರುತ್ತಾರೆ. ನಾನು ಒಂದು ಟಿಕೆಟನ್ನೂ ಹರಿದವನಲ್ಲ, ಒಂದು ಹಳಿಯನ್ನೂ ಹಾಕಿದವನಲ್ಲ. ರೈಲು ಬರುವುದಕ್ಕೆ ಮುಂಚೆ ಜನರ ಬಳಿ ಹೋಗಿ 'ಇಲ್ಲಿ ರೈಲು ಬರುತ್ತದೆ, ಗಾಬರಿಯಾಗಬೇಡಿ' ಎಂದು ಹೇಳುವುದು ನನ್ನ ಕೆಲಸ. ಗಾಬರಿಯಾಗಬೇಡಿ ಎಂದ ಮೇಲೆಯೇ ಅವರು ಗಾಬರಿಯಾಗುತ್ತಿದ್ದದ್ದು ಬೇರೆ ಮಾತು.

ಈಗ ಈ ಕೆಲಸಕ್ಕೆ ಓದಿಕೊಂಡ ಹುಡುಗ ಹುಡುಗಿಯರು ಸೇರುತ್ತಿದ್ದಾರೆ. ಕೈಯಲ್ಲಿ ಟ್ಯಾಬ್, ಕೊರಳಲ್ಲಿ ಐಡಿ ಕಾರ್ಡು. ಅವರಲ್ಲಿ ಒಬ್ಬಿಬ್ಬರು ನಿಮ್ಮ ಅನುಭವ ಬರೆಯಿರಿ ಸಾರ್ ಎಂದು ಗಂಟುಬಿದ್ದರು. ಬರೆಯುತ್ತೇನೆ. ಆದರೆ ಇದನ್ನು ಓದಿ ನಿಮ್ಮ ಗೊಂದಲ ಕಡಿಮೆಯಾಗುತ್ತದೆ ಎಂದುಕೊಂಡಿದ್ದರೆ ಇಲ್ಲಿಗೇ ನಿಲ್ಲಿಸಿ ಒಂದು ಕಾಫಿ ಕುಡಿಯಿರಿ. ನನ್ನದೇ ಇನ್ನೂ ಕಡಿಮೆಯಾಗಿಲ್ಲ.

ನಮ್ಮ ಉಪನಗರ ರೈಲು ಮಾರ್ಗ ಬನಶಂಕರಿ ಕಡೆಯಿಂದ ಜೆ.ಪಿ. ನಗರದ ಅಂಚು ಹಿಡಿದು ಕಂಬಗಳ ಮೇಲೆ ಹೋಗಬೇಕಿತ್ತು. ಆ ಅಂಚಿನಲ್ಲಿ ಒಂದು ಹಳೇ ಊರಿದೆ. ಸುತ್ತ ಅಪಾರ್ಟ್‌ಮೆಂಟು, ನಡುವೆ ಊರು. ಅಲ್ಲಿಯವರು ಒಂದು ಕಾಲಕ್ಕೆ ರಾಗಿ, ಸೊಪ್ಪು ಬೆಳೆಯುತ್ತಿದ್ದವರು. ಈಗ ಸಾಲುಸಾಲು ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಮೊದಲ ಸಭೆಯನ್ನು ಅಲ್ಲಿನ ಕಲ್ಯಾಣಮಂಟಪದಲ್ಲಿ ಕರೆದೆವು. ನಾನು ಎದ್ದು ನಿಂತು ಅರ್ಧ ಗಂಟೆ ಮಾತಾಡಿದೆ. ಮುಗಿದ ಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು, ಮೆಟ್ರೋ ಆಗಲೇ ಇದೆಯಲ್ಲ, ಮತ್ತೆ ಯಾಕೆ ತರುತ್ತೀರಿ ಎಂದರು. ಇದು ಮೆಟ್ರೋ ಅಲ್ಲ ಎಂದೆ. ಕಂಬದ ಮೇಲೆ ಹೋಗುತ್ತದಾ? ಹೋಗುತ್ತದೆ. ಕರೆಂಟಿನಲ್ಲಿ ಓಡುತ್ತದಾ? ಓಡುತ್ತದೆ. 'ಮತ್ತೆ ಮೆಟ್ರೋನೇ ಅಲ್ವಾ' ಎಂದು ಅವರು ಎದ್ದು ಊಟದ ಹಾಲ್ ಕಡೆಗೆ ನಡೆದರು. ಊಟ ಇಟ್ಟಿರಲಿಲ್ಲ. ಅದಕ್ಕೂ ನಾನೇ ಬೈಸಿಕೊಂಡೆ.

ನಮ್ಮ ದೊಡ್ಡ ಸಾಹೇಬರು ಆವತ್ತು ಸಂಜೆ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದರು. ಒಳ್ಳೆಯ ಮನುಷ್ಯ, ಆದರೆ ಜೀವಮಾನದಲ್ಲಿ ಒಂದು ಪ್ರಶ್ನೆಗೂ ನೆಟ್ಟಗೆ ಉತ್ತರ ಕೊಟ್ಟವರಲ್ಲ. 'ನೋಡ್ರಿ, ಜನ ಏನೇ ಕೇಳ್ಲಿ, ಹೌದು ಅನ್ಬೇಡಿ, ಇಲ್ಲ ಅನ್ಬೇಡಿ. ಪರಿಶೀಲನೆಯಲ್ಲಿದೆ ಅನ್ನಿ. ಅದು ಯಾವತ್ತೂ ಸುಳ್ಳಾಗಲ್ಲ' ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದರೆ ಇದೇ. ನಾನು ಆ ದೀಪವನ್ನು ವರ್ಷಗಟ್ಟಲೆ ಹೊತ್ತು ತಿರುಗಿದೆ.

ಆಮೇಲೆ ಮಣ್ಣಿನ ಪರೀಕ್ಷೆ ಶುರುವಾಯಿತು. ಕಂಬ ನಿಲ್ಲಿಸಬೇಕಾದರೆ ನೆಲದಡಿ ಗಟ್ಟಿ ಬಂಡೆ ಎಲ್ಲಿ ಸಿಗುತ್ತದೆಂದು ನೋಡಬೇಕು, ಅದಕ್ಕೆ ಯಂತ್ರ ಇಟ್ಟು ಕೊರೆಯಬೇಕು. ಊರಿನ ಆಟದ ಬಯಲಿನಲ್ಲಿ ಮೂರುಕಾಲಿನ ಯಂತ್ರ ನಿಲ್ಲಿಸಿ ಕೊರೆಯಲು ಹತ್ತಿದೆವು. ನಾನು ಕರಪತ್ರ ಹಂಚಿಯೇ ಇದ್ದೆ. ಯಾರು ಓದುತ್ತಾರೆ? ಬೇಸಿಗೆ ಬೇರೆ, ಟ್ಯಾಂಕರ್ ನೀರಿಗೆ ಕ್ಯೂ ನಿಲ್ಲುವ ಕಾಲ. ಬೋರ್‌ವೆಲ್ ತೆಗೆಸುತ್ತಿದ್ದಾರೆಂದು ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಬಯಲಿನ ತುಂಬ ಬಿಂದಿಗೆಗಳು. ಹೆಂಗಸರು ಯಂತ್ರಕ್ಕೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಗಂಡಸರು ಎಷ್ಟು ಇಂಚು ನೀರು ಬಂತು ಎಂದು ವಿಚಾರಿಸಿದರು. ಇದು ನೀರಿಗಲ್ಲ, ಕಲ್ಲು ನೋಡುವುದಕ್ಕೆ ಎಂದು ನಾನು ಹೇಳಿದ್ದು ಆ ಶಬ್ದದಲ್ಲಿ ನನಗೇ ಕೇಳಿಸಲಿಲ್ಲ. ಅಷ್ಟರಲ್ಲಿ, ನನ್ನ ಗ್ರಹಚಾರ, ತೂತಿನ ಬಾಯಲ್ಲಿ ಕೆಸರು ನೀರು ಉಕ್ಕಿತು. ಅದು ಕೊರೆಯುವಾಗ ನಾವೇ ಬಿಡುವ ನೀರು. ಜನ ಚಪ್ಪಾಳೆ ತಟ್ಟಿದರು. ಸಂಜೆ ನಮ್ಮವರು ಅದೇ ತೂತಿಗೆ ಸಿಮೆಂಟ್ ಸುರಿದು ಮುಚ್ಚಿದಾಗ ಆ ಊರಿನಲ್ಲಿ ನನ್ನ ಮಾನ ಎಲ್ಲಿಗೆ ಬಂದಿತೆಂದು ನೀವೇ ಊಹಿಸಿಕೊಳ್ಳಿ. ನೀರು ಬಂದ ಬೋರನ್ನು ಮುಚ್ಚಿಸಿದ ಪಾಪಿ ಎಂದು ಇವತ್ತಿಗೂ ಒಂದಿಬ್ಬರು ನನ್ನ ಮುಖ ನೋಡುವುದಿಲ್ಲ.

ಆವತ್ತು ಎಲ್ಲರೂ ಬೈದುಕೊಂಡು ಹೋದ ಮೇಲೆ, ಕಾಯಿ ಒಡೆದಿದ್ದ ಹೆಂಗಸು ಮಾತ್ರ ತಟ್ಟೆ ಹಿಡಿದು ನಿಂತೇ ಇದ್ದರು. ಹೆಸರು ಜಯಮ್ಮ. ಐವತ್ತೈದರ ಆಸುಪಾಸು, ಹಳೇ ಊರಿನ ಮನೆತನದ ಸೊಸೆ, ಗಂಡ ಇಲ್ಲ. ಒಂದು ನಿಮಿಷ ಮನೆಗೆ ಬಂದು ಹೋಗಿ ಎಂದರು. ಬೈಯುವುದಕ್ಕೆ ಕರೆಯುತ್ತಿದ್ದಾರೆ ಎಂದುಕೊಂಡೇ ಹೋದೆ.

ಮನೆ ಮುಂದೆ, ರಸ್ತೆ ಬದಿಯಲ್ಲಿ ಒಂದು ಮರಳಿನ ಗುಡ್ಡೆ. ಮೇಲೆಲ್ಲ ಹುಲ್ಲು ಬೆಳೆದು ಬೆಕ್ಕುಗಳ ಸಾಮ್ರಾಜ್ಯವಾಗಿತ್ತು. ಪಕ್ಕದಲ್ಲಿ ಕಾಂಪೌಂಡ್ ಗೋಡೆ. ಗೋಡೆಯ ಮೇಲೆ ಹಳದಿ ಬಣ್ಣದಲ್ಲಿ ಒಂದು ವೃತ್ತ, ಅದರೊಳಗಿಂದ ಹೊರಟ ಒಂದು ದಪ್ಪ ಬಾಣ. ಬಾಣ ನೇರವಾಗಿ ಜಯಮ್ಮನ ಮನೆಯನ್ನೇ ತೋರಿಸುತ್ತಿತ್ತು. ನಾನು ಮರಳಿನ ಗುಡ್ಡೆ ಹತ್ತಿ ನಿಂತು ಅದನ್ನು ಹತ್ತಿರದಿಂದ ನೋಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡೆ.

ವಿಷಯ ಇಷ್ಟು. ಜಯಮ್ಮನ ಮಗಳು ರೂಪಾ ಗಂಡನ ಮನೆ ಬಿಟ್ಟು ತಾಯಿಯ ಬಳಿ ಬಂದಿದ್ದಳು. ಬ್ಲೌಸ್ ಹೊಲಿಯುವುದರಲ್ಲಿ ಪಳಗಿದ ಕೈ. ಆದರೆ ಮಷೀನು ಇದ್ದದ್ದು ಮಹಡಿ ಮೆಟ್ಟಿಲಿನ ಕೆಳಗೆ. ಮೇಲಿನ ರೂಮುಗಳ ಬಾಡಿಗೆ ಹುಡುಗರು ಅಲ್ಲೇ ಹತ್ತಿ ಇಳಿಯಬೇಕು. ಅಂಥ ಕಡೆ ನಿಂತು ಅಳತೆ ಕೊಡಲು ಯಾವ ಹೆಣ್ಣುಮಗಳು ಬರುತ್ತಾಳೆ? ಅದಕ್ಕೇ ಕಾಂಪೌಂಡಿಗೆ ಸೇರಿಸಿ ಒಂದು ಪುಟ್ಟ ಅಂಗಡಿ ಕಟ್ಟಿಸಲು ಹೊರಟಿದ್ದರು. ಹಿಂದಿನ ವರ್ಷ ಮೇಸ್ತ್ರಿಗೆ ಹೇಳಿ ಮರಳು ಇಳಿಸಿದ ಮೇಲೆ, ಯಾರೋ ಬಂದು ಗೋಡೆಗೆ ಬಾಣ ಬಳಿದು ಹೋದರು. ಅದೇ ಸಮಯಕ್ಕೆ ರೈಲಿನ ಸುದ್ದಿ ಹಬ್ಬಿತು. ಮನೆ ಒಡೆಯುವುದಕ್ಕೇ ಗುರುತು ಹಾಕಿದ್ದಾರೆಂದು ಬೀದಿಯವರೆಲ್ಲ ಹೇಳಿದರು. ಕೆಲಸ ನಿಂತಿತು. ಮುಂದಿನ ದಸರೆಯೊಳಗೆ ಅಂಗಡಿ ಆಗದಿದ್ದರೆ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿಕೊಳ್ಳುತ್ತೇನೆ ಎಂದು ರೂಪಾ ಹೇಳಿಬಿಟ್ಟಿದ್ದಳು. ಹಿಂದೆ ಒಮ್ಮೆ ಅಲ್ಲಿ ದುಡಿದು, ಕಾಯಿಲೆ ಬಿದ್ದು ಮನೆ ಸೇರಿದವಳು ಅವಳು.

'ಕಟ್ಟಿಸ್ಲಾ, ಬೇಡ್ವಾ? ಒಂದೇ ಮಾತು ಹೇಳಿ ಸಾರ್' ಎಂದರು ಜಯಮ್ಮ.

'ಪರಿಶೀಲನೆಯಲ್ಲಿದೆ' ಎಂದೆ. ಹಾಗೆಂದರೇನು ಎಂದು ಅವರು ಕೇಳಲಿಲ್ಲ. ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಅರ್ಧ ಲೋಟಕ್ಕೇ ಎದ್ದು ಹೊರಟೆ.

ಕಛೇರಿಗೆ ಹೋದವನೇ ಸಂಗಮೇಶನನ್ನು ಹಿಡಿದೆ. ವಿಜಯಪುರ ಕಡೆಯ ಎಂಜಿನಿಯರು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ, ನಕ್ಷೆಗಳೆಲ್ಲ ಅವನ ಕೈಯಲ್ಲಿ. ಬಾಣದ ಫೋಟೋ ತೋರಿಸಿದೆ. 'ನಮ್ಮ ಗುರುತು ಕೆಂಪ ಇರ್ತದ್ರಿ ಸರ್. ಇದು ಹಳದಿ ಐತಿ. ನಮ್ದಲ್ರಿ' ಎಂದ. ಅಬ್ಬ ಎಂದುಕೊಂಡೆ. ಮತ್ತೆ ಯಾರದ್ದಪ್ಪ ಎಂದರೆ, ಅದು ತನಗೆ ಗೊತ್ತಿಲ್ಲ ಎಂದ. ನಮ್ಮದಲ್ಲದಿದ್ದರೆ ಮನೆ ಉಳಿಯುತ್ತದಾ ಎಂದರೆ, ಅದೂ ಹೇಳಲಾಗುವುದಿಲ್ಲ, ನಕ್ಷೆ ಇನ್ನೂ ಅಂತಿಮವಾಗಿಲ್ಲ ಎಂದ.

ಆ ಬಾಣದ ಒಡೆಯನನ್ನು ಹುಡುಕಿಕೊಂಡು ನಾನು ತಿರುಗಿದ ಕಛೇರಿಗಳನ್ನು ನೆನೆಸಿಕೊಂಡರೆ ಇವತ್ತಿಗೂ ತಲೆ ಚಿಟ್ಟು ಹಿಡಿಯುತ್ತದೆ. ನೀರಿನವರು ತಮ್ಮದು ನೀಲಿ ಎಂದರು. ಕರೆಂಟಿನವರು ತಾವು ಗೋಡೆಗೆ ಬಳಿಯುವುದೇ ಇಲ್ಲ ಎಂದರು. ಗ್ಯಾಸ್ ಪೈಪಿನವರು ಬಣ್ಣ ತಮ್ಮದೇ, ಆದರೆ ಬಾಣ ತಮ್ಮದಲ್ಲ ಎಂದರು. ಕೇಬಲ್ಲಿನವರು ಬಾಣ ತಮ್ಮದಿರಬಹುದು, ಆದರೆ ಮನೆಯ ಕಡೆಗೆ ಯಾಕೆ ತೋರಿಸುತ್ತಿದೆ, ಮನೆಯೊಳಗೆ ತಮಗೇನು ಕೆಲಸ ಎಂದು ನನ್ನನ್ನೇ ಕೇಳಿದರು. ರಸ್ತೆ ಅಗಲ ಮಾಡುವವರ ಕಛೇರಿಯಲ್ಲಿ ಒಬ್ಬರು ಫೋಟೋವನ್ನು ಬಹಳ ಹೊತ್ತು ನೋಡಿ, ಬಾಣ ಒಳಮುಖವಾಗಿದ್ದರೆ ಅದು ಒಡೆಯುವುದಕ್ಕೇ ಎಂದು ವೈದ್ಯರ ಹಾಗೆ ಹೇಳಿದರು. ಯಾರು ಒಡೆಯುತ್ತಾರೆ ಎಂದರೆ ಗೊತ್ತಿಲ್ಲ. ಸಾಹೇಬರ ಬಳಿ ಹೇಳಿಕೊಂಡೆ. ನಮ್ಮದಲ್ಲದ ಗುರುತಿಗೆ ನೀವ್ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ, ನಮ್ಮ ಗುರುತುಗಳಿಗೇ ಉತ್ತರ ಹೇಳಲಾಗುತ್ತಿಲ್ಲ ಎಂದರು. ಅದೂ ನಿಜವೇ.

ಈ ನಡುವೆ ನಮ್ಮ ಮಾರ್ಗವೇ ಒಂದು ಕಡೆ ನಿಲ್ಲಲಿಲ್ಲ. ಒಂದು ತಿಂಗಳು ರಸ್ತೆಯ ಈ ಬದಿ, ಮುಂದಿನ ತಿಂಗಳು ಆ ಬದಿ. ಸಂಗಮೇಶ ಬೆಳಗ್ಗೆಯೇ ಮುಖ ಸಪ್ಪೆ ಮಾಡಿಕೊಂಡು ಬಂದರೆ ನನಗೆ ಗೊತ್ತಾಗುತ್ತಿತ್ತು. 'ಲೈನ್ ಮತ್ತ ಎಡಕ್ಕ ಸರದೈತ್ರಿ ಸರ್. ಆದ್ರ ಎಡ ಅಂದ್ರ ಯಾವ ಕಡೆ ಮುಖ ಮಾಡಿ ನಿಂತಾಗ ಅಂತ ಮೇಲಿನವ್ರು ಹೇಳಿಲ್ರಿ' ಎಂದು ಒಂದು ದಿನ ಹೇಳಿದ. ನಾವಿಬ್ಬರೂ ಕಛೇರಿಯ ನಡುವೆ ಎದ್ದು ನಿಂತು, ಒಮ್ಮೆ ವಸಂತಪುರದ ಕಡೆಗೆ, ಒಮ್ಮೆ ಜಯನಗರದ ಕಡೆಗೆ ಮುಖ ಮಾಡಿ ನೋಡಿದೆವು. ಒಂದು ಕಡೆಯಿಂದ ಜಯಮ್ಮನ ಮನೆ ಉಳಿಯುತ್ತಿತ್ತು. ಇನ್ನೊಂದು ಕಡೆಯಿಂದ ಹೋಗುತ್ತಿತ್ತು.

ಕೆಲಸದ ರೀತಿಯೂ ಆಗಲೇ ಬದಲಾದದ್ದು. ಮೊದಲು ಆಟೋಗೆ ಮೈಕ್ ಕಟ್ಟಿ ಸಾರುತ್ತಿದ್ದೆವು. ಕೇಳಿಸದವರು ಬೀದಿಗೆ ಬಂದು ಏನಂತೆ ಎಂದು ಕೇಳುತ್ತಿದ್ದರು, ಆ ನೆಪದಲ್ಲಿ ನಾಲ್ಕು ಮಾತಾಗುತ್ತಿತ್ತು. ಆಮೇಲೆ ವಾಟ್ಸಾಪ್ ಗ್ರೂಪ್ ಬಂತು. ಒಂದು ದಿನ ಯಾರೋ ಪುಣ್ಯಾತ್ಮರು ಒಂದು ನಕ್ಷೆ ಹಾಕಿದರು. ಜಯಮ್ಮನ ಬೀದಿಯಂಥದೇ ಒಂದು ಬೀದಿ, ಅದರ ನಡುವೆ ಕೆಂಪು ಗೆರೆ. ನೋಡಿದರೆ ಅದು ಮಡಿವಾಳದ ಕಡೆಯ ಯಾವುದೋ ಚರಂಡಿಯ ನಕ್ಷೆ. 'ಇದು ನಮ್ಮದಲ್ಲ' ಎಂದು ತಕ್ಷಣ ಬರೆದೆ. ನನ್ನ ಮಾತಿನ ಮೇಲೆ ಒಂದರ ಹಿಂದೆ ಒಂದು ಗುಲಾಬಿ ಹೂವು, ಶುಭೋದಯ, ಯಾರದ್ದೋ ಹುಟ್ಟುಹಬ್ಬದ ಕೇಕು. ನಕ್ಷೆಯನ್ನು ಎಲ್ಲರೂ ನೋಡಿದರು, ನನ್ನ ಮಾತನ್ನು ಯಾರೂ ನೋಡಲಿಲ್ಲ. ಜಯಮ್ಮನ ಮನೆಯ ಬಾಡಿಗೆ ಹುಡುಗರು ಆ ನಕ್ಷೆ ನಂಬಿ, ಒಡೆಯುವ ಮನೆಯಲ್ಲಿ ಯಾಕಿರಬೇಕೆಂದು ಖಾಲಿ ಮಾಡಿಕೊಂಡು ಹೋದರು.

ಆಮೇಲೆ ನಾನು ಆ ಬೀದಿಯ ಕಡೆ ಸ್ಕೂಟರ್ ತಿರುಗಿಸುವುದನ್ನೇ ಬಿಟ್ಟೆ. ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಜಯಮ್ಮ ಒಂದು ಸಲವೂ ಜಗಳ ಆಡಿದವರಲ್ಲ, ಅದೇ ಕಷ್ಟ. ಬೈದಿದ್ದರೆ ವಾಪಸ್ ಬೈದು ಹಗುರಾಗಬಹುದಿತ್ತು.

ದಸರಾ ಬಂತು. ಆಯುಧಪೂಜೆಯ ದಿನ ಜಯಮ್ಮನೇ ಫೋನ್ ಮಾಡಿದರು. ರೂಪಾ ವಿಜಯದಶಮಿ ಕಳೆದ ಮೇಲೆ ಗಾರ್ಮೆಂಟ್ಸ್‌ಗೆ ಹೋಗುತ್ತಾಳಂತೆ, ಅವಳ ಮಷೀನಿಗೆ ಕೊನೇ ಪೂಜೆ, ನೀವೂ ಬಂದು ಹೋಗಿ ಎಂದರು. ಇದಕ್ಕೆ ಬರುವುದಿಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಸಂಗಮೇಶನನ್ನೂ ಹಿಂದೆ ಕೂರಿಸಿಕೊಂಡು ಹೋದೆ.

ಬೀದಿ ತುಂಬ ತೊಳೆದ ಗಾಡಿಗಳು, ಒಡೆದ ಬೂದುಗುಂಬಳಕಾಯಿ. ಜಯಮ್ಮನ ಮನೆಗೆ ಹೊಸ ಸುಣ್ಣ ಹೊಡೆಸಿದ್ದರು, ಕಾಂಪೌಂಡೂ ಬೆಳ್ಳಗಾಗಿತ್ತು. ಆ ಬೆಳ್ಳನೆ ಗೋಡೆಯ ಮುಂದೆ ಜಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಳದಿ ಪೇಂಟಿನ ಡಬ್ಬ ಇಟ್ಟುಕೊಂಡು, ಬ್ರಷ್ಷಿನಲ್ಲಿ ಬಾಣ ಬರೆಯುತ್ತಿದ್ದರು.

ನಾನು ಸ್ಕೂಟರಿಗೆ ಸ್ಟ್ಯಾಂಡ್ ಹಾಕುವುದನ್ನೂ ಮರೆತು ನಿಂತೆ. ಏನು ಮಾಡ್ತಿದ್ದೀರಿ ಜಯಮ್ಮ ಎಂದೆ.

'ಸುಣ್ಣ ಹೊಡೆಸ್ದಾಗ ಹೊರಟೋಗುತ್ತೆ ಸಾರ್. ಗೌರ್ಮೆಂಟ್ ಗುರುತು ಅಳಿಸಿದ್ರೆ ಕೇಸಾಗುತ್ತೆ ಅಂತಾರಲ್ಲ. ಹೋದ ವರ್ಷನೂ ನಾನೇ ಬರ್ದಿದ್ದು' ಎಂದರು. ಎಷ್ಟು ಸಹಜವಾಗಿ ಎಂದರೆ, ಬಾಗಿಲಿಗೆ ರಂಗೋಲಿ ಹಾಕಿದಷ್ಟು ಸಹಜವಾಗಿ.

ಅಂದರೆ ನಾನು ಫೋಟೋ ಹಿಡಿದುಕೊಂಡು ಕಛೇರಿ ಕಛೇರಿ ಅಲೆದದ್ದು ಜಯಮ್ಮನ ಕೈಬರಹಕ್ಕೆ. ಸಂಗಮೇಶ ಮೆಲ್ಲಗೆ, ಮೊದಲಿದ್ದ ಬಾಣ ಯಾವ ಕಡೆಗಿತ್ತು ಎಂದು ಕೇಳಿದ.

'ಅದು ಮರ್ತೋಗಿತ್ತಪ್ಪ. ಮನೆ ಕಡೆಗೇ ಇದ್ದಿರ್ಬೇಕು ಅನ್ಕೊಂಡೆ. ಇಲ್ಲಾಂದ್ರೆ ನಮ್ಮನೆ ಗೋಡೆಗೆ ಯಾಕ್ ಹಾಕ್ತಾರೆ?'

ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಹೆದರಿಕೊಂಡ ಹೆಂಗಸು ಆ ಬಾಣವನ್ನು ತನ್ನ ಕೈಯಾರೆ ತನ್ನ ಮನೆಗೇ ತಿರುಗಿಸಿಕೊಂಡಿದ್ದಳು. ಹೆದರಿಸಿದವರಲ್ಲಿ ನಾವೆಲ್ಲರೂ ಇದ್ದೆವು.

ಸಂಗಮೇಶ ಅಷ್ಟರಲ್ಲಿ ರಸ್ತೆಯ ಆ ಬದಿಗೆ ಹೋಗಿದ್ದ. ಎದುರುಮನೆಯ ಕಾರು ಯಾವಾಗಲೂ ಅವರ ಗೋಡೆಗೆ ಒತ್ತಿಕೊಂಡೇ ನಿಂತಿರುತ್ತಿತ್ತು. ಪೂಜೆಗೆಂದು ಅದನ್ನು ಅವತ್ತು ಮುಂದಕ್ಕೆ ತೆಗೆದಿದ್ದರು. ಅದರ ಹಿಂದಿನ ಗೋಡೆಯ ಮೇಲೆ ಮಾಸಿದ ಹಳದಿ ವೃತ್ತ, ಮಾಸಿದ ಹಳದಿ ಬಾಣ. ಅದು ಮನೆಯನ್ನು ತೋರಿಸುತ್ತಿರಲಿಲ್ಲ. ಕೆಳಮುಖವಾಗಿ ರಸ್ತೆಯನ್ನು ತೋರಿಸುತ್ತಿತ್ತು, ಅದೇ ನೇರಕ್ಕೆ ರಸ್ತೆ ದಾಟಿದರೆ ಜಯಮ್ಮನ ಮರಳಿನ ಗುಡ್ಡೆ.

ಬಾಡಿಗೆ ಹುಡುಗರು ಬಿಟ್ಟುಹೋಗಿದ್ದ ಬಕೆಟ್ ತಂದು ಮೂವರೂ ಮರಳು ತೋಡಿದೆವು. ರೂಪಾ ಹಬ್ಬದ ಸೀರೆಯಲ್ಲೇ ಬಂದು ಕೈ ಹಾಕಿದಳು. ಗುಡ್ಡೆಯ ಬುಡದಲ್ಲಿ, ರಸ್ತೆಯ ಮಟ್ಟದಲ್ಲಿ, ಒಂದು ಕಬ್ಬಿಣದ ಮುಚ್ಚಳ ಸಿಕ್ಕಿತು. ಯಾವುದೋ ಪೈಪಿನದೋ ಕೇಬಲ್ಲಿನದೋ ಚೇಂಬರು. ಮರಳು ಸುರಿದು ಮುಚ್ಚಳ ಮುಚ್ಚಿಹೋದದ್ದಕ್ಕೆ, ಅದು ಇಲ್ಲಿದೆ ಎಂದು ತಿಳಿಯಲಿ ಅಂತ ಎರಡೂ ಗೋಡೆಗೆ ಬಾಣ ಬಳಿದು ಹೋಗಿದ್ದರು. ಅಂಗಡಿ ಕಟ್ಟಲು ತಂದ ಮರಳಿಗಾಗಿಯೇ ಬಾಣ ಬಂತು, ಬಾಣ ಬಂತೆಂದು ಅಂಗಡಿ ನಿಂತಿತು. ನಾನಂತೂ ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ. ಆ ಮುಚ್ಚಳದ ಮೇಲೆಯೇ ಗುಡ್ಡೆ ಹತ್ತಿ ನಿಂತು ಬಾಣದ ಫೋಟೋ ತೆಗೆದವನು ನಾನು. ಮುಚ್ಚಳದ ಮೇಲಿನ ಅಕ್ಷರ ಸವೆದುಹೋಗಿತ್ತು. ಅದು ಯಾರದೆಂದು ಇವತ್ತಿಗೂ ಗೊತ್ತಿಲ್ಲ.

ಜಯಮ್ಮ ಮುಚ್ಚಳವನ್ನೂ ಗೋಡೆಯನ್ನೂ ನೋಡಿದರು. ಆಮೇಲೆ ನನ್ನನ್ನು ನೋಡಿದರು.

'ಹಂಗಾದ್ರೆ ಕಟ್ಟಿಸ್ಲಾ ಸಾರ್?'

ಬಾಣದ ವಿಷಯ ಮುಗಿದಿತ್ತು, ರೈಲಿನ ವಿಷಯ ಮುಗಿದಿರಲಿಲ್ಲ. ಎಡ ಎಂದರೆ ಯಾವ ಎಡ ಎಂದು ಮೇಲಿನಿಂದ ಇನ್ನೂ ಉತ್ತರ ಬಂದಿರಲಿಲ್ಲ. ಸಾಹೇಬರ ಮಾತು ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಒಳಗೆ ಮೆಟ್ಟಿಲಿನ ಕೆಳಗೆ ರೂಪಾಳ ಮಷೀನು ಚೆಂಡುಹೂವು ಮುಡಿದುಕೊಂಡು ನಿಂತಿತ್ತು. ರೂಪಾ ಕೈಗೆ ಅಂಟಿದ ಮರಳು ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ, ಕಿವಿ ಮಾತ್ರ ಇತ್ತ ಕೊಟ್ಟಿದ್ದಳು.

'ಕಟ್ಟಿಸಿ ಜಯಮ್ಮ' ಎಂದೆ.

ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ. ತಿಳಿವಳಿಕೆಯೂ ಇರಲಿಲ್ಲ. ವಾಪಸ್ ಬರುವಾಗ ಸಿಗ್ನಲ್ ಹತ್ತಿರ ಸಂಗಮೇಶ, 'ಸರ್, ನಾಳೆ ಲೈನ್ ಆ ಕಡೆ ಸರದ್ರ?' ಎಂದ. ನನಗೆ ಗೊತ್ತಿಲ್ಲಪ್ಪ ಎಂದೆ. ಅಷ್ಟು ವರ್ಷದ ನೌಕರಿಯಲ್ಲಿ ನಾನು ನೆಟ್ಟಗೆ ಹೇಳಿದ ಮಾತುಗಳು ಅವೆರಡೇ ಇರಬೇಕು. ಅವು ಒಂದಕ್ಕೊಂದು ಹೊಂದುತ್ತವೆಯೇ ಎಂದು ಆಗಾಗ ಯೋಚಿಸುತ್ತೇನೆ, ಬಗೆಹರಿಯುವುದಿಲ್ಲ. ಹೊಸದಾಗಿ ಸೇರಿದವರು ಇದರಿಂದ ಏನು ಕಲಿಯಬೇಕೆಂದು ಕೇಳಬೇಡಿ. ಗೋಡೆ ನೋಡುವ ಮುಂಚೆ ಕಾಲ ಕೆಳಗೆ ನೋಡಿ ಎನ್ನಬಹುದು, ಅಷ್ಟೇ.

ನಾನು ನಿವೃತ್ತನಾದೆ. ಮೊನ್ನೆ ಹೆಂಡತಿ ಒಂದು ಬ್ಲೌಸ್ ಪೀಸು ಕೊಟ್ಟು, ನಿಮ್ಮ ಆ ರೂಪಾ ಹತ್ತಿರವೇ ಹೊಲಿಸಿಕೊಂಡು ಬನ್ನಿ ಎಂದಳು. ಹೋದೆ. ರೈಲಿನ ಕಂಬಗಳು ದೊಡ್ಡ ರಸ್ತೆಯವರೆಗೆ ಬಂದು ನಿಂತಿವೆ. ಅಲ್ಲಿಂದ ನೇರ ಹೋಗುತ್ತವೋ ಈ ಊರಿನ ಕಡೆ ತಿರುಗುತ್ತವೋ ಕೆಳಗಿಂದ ನೋಡಿದರೆ ತಿಳಿಯುವುದಿಲ್ಲ.

ರೂಪಾಳ ಅಂಗಡಿ ಪುಟ್ಟದು, ಚೊಕ್ಕವಾಗಿದೆ. ಅಳತೆ ತೆಗೆಯಲು ಮೂಲೆಯಲ್ಲಿ ಪರದೆ ಕಟ್ಟಿದ್ದಾಳೆ. ಇಬ್ಬರು ಹೆಂಗಸರು ಕಾದು ಕೂತಿದ್ದರು. ಗಾರ್ಮೆಂಟ್ಸಿನ ಮಾತು ಯಾರೂ ಎತ್ತಲಿಲ್ಲ. ಹೊರಗೆ ಬಂದು ನೋಡಿದರೆ, ಅಂಗಡಿಯ ಹೊಸ ಗೋಡೆಯ ಮೇಲೆ ಅದೇ ಹಳದಿ ವೃತ್ತ, ಅದೇ ಬಾಣ, ಮೇಲೊಂದು ಕುಂಕುಮದ ಬೊಟ್ಟು. ಬಾಣ ಈಗ ಮನೆಯ ಕಡೆಗೂ ಇಲ್ಲ, ರಸ್ತೆಯ ಕಡೆಗೂ ಇಲ್ಲ. ನೆಟ್ಟಗೆ ಆಕಾಶದ ಕಡೆಗಿತ್ತು.

ಇದ್ಯಾಕೆ ಮತ್ತೆ ಎಂದೆ. ಜಯಮ್ಮ ಕಾಫಿ ಲೋಟ ಕೊಡುತ್ತ ಹೇಳಿದರು: 'ಇರ್ಲಿ ಸಾರ್. ಗುರುತು ಇಲ್ದಿದ್ರೆ ಯಾರಾದ್ರೂ ಬಂದು ಹೊಸ್ದಾಗಿ ಹಾಕ್ತಾರೆ. ಇದ್ರೆ, ಆಗ್ಲೇ ಬೇರೆಯವ್ರು ನೋಡ್ಕೊಂಡು ಹೋಗಿದಾರೆ ಅನ್ಕೊಂಡು ಮುಂದಕ್ಕೆ ಹೋಗ್ತಾರೆ. ರೈಲು ಬಂದ್ರೂ ಮೇಲೆ ತಾನೇ ಬರೋದು, ಅದಕ್ಕೆ ಮೇಲಕ್ಕೆ ಬರ್ದೆ.'

ನಾನು ಕಾಫಿ ಕುಡಿಯುತ್ತಿದ್ದಾಗಲೇ ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಒಬ್ಬ ಹುಡುಗಿ ಟ್ಯಾಬ್ ಹಿಡಿದು ಬಂದಳು. ನಮ್ಮದೇ ಕಛೇರಿಯ ಕಾರ್ಡು. ನಾನು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಇವಳೇ ಕೂರುತ್ತಾಳೇನೋ. ಬಾಣವನ್ನು ನೋಡಿದಳು, ತಲೆ ಎತ್ತಿ ಆಕಾಶವನ್ನು ನೋಡಿದಳು, ಟ್ಯಾಬ್ ನೋಡಿದಳು, ಮತ್ತೆ ಬಾಣವನ್ನು ನೋಡಿದಳು. ಪಾಪ, ಆ ಮುಖ ನನಗೆ ಚೆನ್ನಾಗಿ ಗೊತ್ತು.

'ಅಂಕಲ್, ಈ ಗುರುತು ಯಾರ್ದು ಅಂತ ನಿಮಗೇನಾದ್ರೂ ಗೊತ್ತಾ?' ಎಂದು ಕೇಳಿದಳು.

ಒಳಗೆ ರೂಪಾಳ ಮಷೀನಿನ ಸದ್ದು ನಿಂತಿತು. ಜಯಮ್ಮ ತಟ್ಟೆ ಎದೆಗೆ ಒತ್ತಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಲೋಟ ಕೆಳಗಿಟ್ಟೆ.

'ಅದು ಪರಿಶೀಲನೆಯಲ್ಲಿದೆಯಮ್ಮ' ಎಂದೆ.

ಹುಡುಗಿ ತಲೆಯಾಡಿಸಿ ಮುಂದಿನ ಮನೆಗೆ ಹೋದಳು. ಒಳಗೆ ಮಷೀನು ಮತ್ತೆ ಓಡತೊಡಗಿತು.